ಕೂಗಳತೆಯ ಕೇತಮ್ಮ

ಕೇತಮ್ಮನಿಗಿಂತ ಮೊದಲು ಅವಳ ಕೂಗು ಬರುತ್ತಿತ್ತು. ತಾಳಮಲೆಯ ಕಾಡಂಚಿನ ಸೋಲಿಗರ ಹಾಡಿಯಲ್ಲಿ, ಅವರ ಮಾತಿನ ಪೋಡಿನಲ್ಲಿ, ಹುಟ್ಟಿ ಬೆಳೆದ ಆ ಮುದುಕಿ, ಯಾರ ಮನೆಗೇ ಹೋಗಲಿ, ಅಂಗಳ ಇನ್ನೂ ಒಂದು ಕೂಗಳತೆ ಇರುವಾಗಲೇ ನಿಂತು, "ಓಯ್, ಬತ್ತಾವ್ನಿ ಕಣ್ರವ್ವಾ" ಎಂದು ಕೂಗುವಳು. ಒಳಗಿನಿಂದ "ಬಾ" ಎಂಬ ಉತ್ತರ ಬರುವ ತನಕ, ಮಳೆಯೇ ಹುಯ್ಯಲಿ ಬಿಸಿಲೇ ಸುಡಲಿ, ಹೆಜ್ಜೆ ಮುಂದಿಡುವವಳಲ್ಲ. ನೀರಿಗಿಳಿದ ಆನೆಗೂ ಹಿರಿಯರ ಕಲ್ಲಿಗೂ ಅವಳದು ಅದೇ ಮರ್ಯಾದೆ. ತೀರಿಹೋದ ಗಂಡನ ಖಾಕಿ ಕೋಟನ್ನು ಸೀರೆಯ ಮೇಲೆ ತೊಟ್ಟು, ಎಡಗಾಲನ್ನು ತುಸು ಎಳೆಯುತ್ತ ತಾಳವಾಡಿಯ ಸಂತೆಗೆ ಬಂದಾಗ ಅಲ್ಲಿನ ನನ್ನ ಮನೆಯಿಂದಲೂ ಅಷ್ಟೇ ದೂರದಲ್ಲಿ ನಿಲ್ಲುತ್ತಿದ್ದಳು. ಬಾಗಿಲು ತೆರೆದೇ ಇದೆಯಲ್ಲ ಎಂದು ಒಮ್ಮೆ ರೇಗಿಸಿದೆ.

"ಬಾಗ್ಲು ತೆಗ್ದಿದ್ರೆ ಗಾಳಿ ಬತ್ತದೆ. ಮನ್ಸ ಕೇಳ್ಕಂಡು ಬರ್ಬೇಕು" ಎಂದಳು.

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ, ಆನೆಗಳ ಚಿತ್ರ ತೆಗೆಯಲೆಂದು ಪಟ್ಟಣದಿಂದ ಒಂದು ತಂಡ ಬಂತು. ಆನೆಗಳು ನೀರಿಗೆ ಬರುವ ಕಟ್ಟೆಯ ಬದಿಯ ಮತ್ತಿಮರಕ್ಕೆ ವಿಡಿಯೊ ಕ್ಯಾಮೆರಾ ಬಿಗಿದು, ಅಲ್ಲಿಂದ ಗುಡಾರದವರೆಗೆ ತಂತಿ ಎಳೆದರು. ಗುಡಾರದೊಳಗೆ ಒಂದು ಟಿ.ವಿ., ಅದರ ಮುಂದೆ ಗುಂಡಿಗಳ ಪೆಟ್ಟಿಗೆ. ಒಂದು ಗುಂಡಿ ಕ್ಯಾಮೆರಾದ ಕತ್ತು ತಿರುಗಿಸುವುದು, ಇನ್ನೊಂದು ದೂರದ್ದನ್ನು ಹತ್ತಿರಕ್ಕೆ ಎಳೆಯುವುದು, ಮತ್ತೊಂದು ಮಸುಕು ಕಳೆದು ನಿಚ್ಚಳಗೊಳಿಸುವುದು. ಕುರ್ಚಿಯಲ್ಲಿ ಕೂತು ಬೆರಳಾಡಿಸಿದರೆ ಸಾಕು. ಅವರಿಗೆ ಅಡುಗೆ ಮಾಡಿ ಹಾಕುತ್ತಿದ್ದವನು ಪಣಕಹಳ್ಳಿಯ ಗುರುಸ್ವಾಮಿ. ಸೌದೆ ಹೊತ್ತು ತರುತ್ತಿದ್ದವಳು ಕೇತಮ್ಮ. ಈ ಕಥೆ ನನಗೆ ದಕ್ಕಿದ್ದು ಗುರುಸ್ವಾಮಿಯಿಂದ.

ಹಗಲಲ್ಲಿ ಆನೆ ಬರಲಿಲ್ಲ. ಕೆಲಸವಿಲ್ಲದ ಬೆರಳು ಸುಮ್ಮನಿದ್ದೀತೆ? ಒಂದು ಬೆಳಗ್ಗೆ ಕೇತಮ್ಮ ಸೌದೆ ಹೊತ್ತು ಬಂದು, ಎಂದಿನಂತೆ ದೂರದಲ್ಲೇ ನಿಂತು ಕೂಗಿದಳು. ಯಾರೂ ಓಗೊಡಲಿಲ್ಲ. ಹೊರೆ ಹೊತ್ತೇ ಕಾದಳು. ಕೊನೆಗೆ ಗುರುಸ್ವಾಮಿ ಕಂಡು ಕರೆದಾಗ ಒಳಗೆ ಬಂದರೆ, ಗಂಡಸರೆಲ್ಲ ಟಿ.ವಿ.ಗೆ ಮುತ್ತಿಕೊಂಡಿದ್ದಾರೆ. ಅದರಲ್ಲಿ ಯಾವಳೋ ಒಬ್ಬ ಹೆಂಗಸು, ನೀರಲ್ಲಿ ಕಲಸಿದಂತೆ ಮಸುಕು. ತಂಡದ ಯಜಮಾನ ಮೆಲ್ಲನೆ ಗುಂಡಿ ತಿರುವಿದ. ಮಸುಕು ಹರಿಯಿತು. ಅವಳು ಬೊಮ್ಮಿ, ಕೇತಮ್ಮನ ಸೊಸೆ, ಹಡೆದು ವಾರವೂ ಕಳೆಯದ ಹಸಿ ಬಾಣಂತಿ. ಪೋಡಿನಾಚೆಯ ಬಾಣಂತಿ ಗುಡಿಸಲ ಮುಂದೆ ಎಳೆಬಿಸಿಲಲ್ಲಿ ಸೆರಗು ಸರಿಸಿ ಮಗುವಿಗೆ ಹಾಲೂಡಿಸುತ್ತಿದ್ದಳು. ಆ ಗುಡಿಸಲ ಕಡೆ ಮಗುವಿನ ತಂದೆಯೂ ಸುಳಿಯುವುದಿಲ್ಲ. ಹೆಂಗಸರು ಸಹ ಕೂಗಿಯೇ ಹೋಗುವುದು.

ಕೇತಮ್ಮ ಹೊರೆ ಕೆಡವಿ, ಕೋಟು ಬಿಚ್ಚಿ ಟಿ.ವಿ.ಯ ಮೇಲೆ ಹೊದಿಸಿದಳು.

"ನಾವು ಅಲ್ಲಿಗೆ ಹೋಗೇ ಇಲ್ವಲ್ಲಮ್ಮ" ಎಂದ ಯಜಮಾನ. "ಅರ್ಧ ಮೈಲಿ ಆಚೆ ಕೂತಿದ್ದೀವಿ."

ಇದನ್ನು ಕೇಳಿದಾಗ ನನ್ನ ಮೈ ಉರಿದುಹೋಯಿತು. ಕಾಲು ಹೋಗದಿದ್ದರೆ ಕಣ್ಣು ಹೋದದ್ದು ತಪ್ಪಲ್ಲವೆಂಬ ನ್ಯಾಯ ಯಾವ ಶಾಸ್ತ್ರದಲ್ಲಿದೆಯೋ ಕಾಣೆ.

ಕೇತಮ್ಮ ಪೆಟ್ಟಿಗೆಯ ಮೇಲೆ ಬಾಗಿದಳು. "ಇದೇನ್ ಮಾಡ್ತದೆ ಗುರುಸ್ವಾಮಿ?"

"ಅತ್ರಕ್ಕೆ ತತ್ತದೆ."

"ಇದು?"

"ಚೆಂದಾಗಿ ಕಾಣಂಗೆ ಮಾಡ್ತದೆ."

"ಕೂಗೋದು ಯಾವ್ದು?"

ಯಜಮಾನ ನಕ್ಕ, ಅಂಥದ್ದೇನೂ ಇಲ್ಲ ಎಂದ.

"ಅಂಗಾರೆ ನೀವು ಕಳ್ರು ಕಣ್ರಪ್ಪ" ಎಂದಳು ಕೇತಮ್ಮ, ದನಿ ಏರಿಸದೆ.

ಟಿ.ವಿ.ಯಲ್ಲಿ ಕಂಡ ಬೊಮ್ಮಿಯ ಚಿತ್ರ ಟೇಪಿನಲ್ಲೂ ಉಳಿದಿದೆಯೆಂದು ಗುರುಸ್ವಾಮಿ ತಿಳಿಸಿದ. ಅಳಿಸದೆ ಏಳುವುದಿಲ್ಲವೆಂದು ಕೇತಮ್ಮ ಗುಡಾರದ ಬಾಯಿಗೆ ಅಡ್ಡ ಕೂತಳು. ಆಮೇಲೆ ಅಳಿಸುತ್ತೇವೆಂದು ಸಬೂಬು ಹೇಳಿದರು, ಗದರಿದರು, ಅವಳು ಜಗ್ಗಲಿಲ್ಲ. ಅದೇ ಟೇಪಿನಲ್ಲಿ ಹೊಸ ಚಿತ್ರ ಹಿಡಿದರೆ ಹಳೆಯದು ಅಳಿದುಹೋಗುತ್ತದೆಂದು ಗುರುಸ್ವಾಮಿ ಬಾಯಿಬಿಟ್ಟ. "ಅಂಗಾರೆ ಅದ್ರ ಮ್ಯಾಲೆ ನಿಮ್ ಮೊಕವ ತೆಗೀರಿ" ಎಂದಳು. ಹೊತ್ತು ಇಳಿಯುವಾಗ ಯಜಮಾನ ಬೇರೆ ದಾರಿಯಿಲ್ಲದೆ ಕಟ್ಟೆಯ ಏರಿಯ ಮೇಲೆ ಹೋಗಿ ನಿಂತ. ತಂಡದವನೊಬ್ಬ ಟೇಪನ್ನು ಹಿಂದಕ್ಕೆ ಸುತ್ತಿ, ಗುಂಡಿ ತಿರುವಿ ಕ್ಯಾಮೆರಾವನ್ನು ಅವನತ್ತ ಹೊರಳಿಸಿದ. ಗುರುಸ್ವಾಮಿ ಟಿ.ವಿ.ಯ ಮೇಲಿನ ಕೋಟು ಎತ್ತಲು ಹೋದಾಗ ಕೇತಮ್ಮ ಅವನ ಕೈ ತಡೆದು, ಹೊರಗೆ ಬಂದು, ಏರಿಯತ್ತ ಕೂಗಿದಳು.

"ಓಯ್, ನೋಡ್ತಾವ್ನಿ ಕಣಪ್ಪಾ."

ಅಲ್ಲಿಂದ ಅವನು ಕೈ ಎತ್ತಿದ ಮೇಲೆಯೇ ಒಳಗೆ ಬಂದು ನೋಡಿದ್ದು.

ಟೇಪು ಅಳಿಯಿತು. ಬೊಮ್ಮಿ ಮಾತ್ರ ಆ ಬಾಣಂತನ ಮುಗಿಯುವವರೆಗೆ ಬಿಸಿಲಿಗೆ ಬರಲಿಲ್ಲ. ಕೂಸು ಗುಡಿಸಲ ಕತ್ತಲಲ್ಲೇ ಹಾಲು ಕುಡಿಯಿತು. ಅದನ್ನು ನೆನೆದರೆ ನನ್ನ ಸಿಟ್ಟು ಇವತ್ತಿಗೂ ಆರುವುದಿಲ್ಲ. ಕೇತಮ್ಮನಂಥವರಿಗೆ ನಾಗರಿಕತೆ ಕಲಿಸಬೇಕೆಂದು ಬೆಟ್ಟ ಹತ್ತುವವರಿಗೆ ಕೊರತೆಯಿಲ್ಲ. ಕೇತಮ್ಮನಂಥವರೋ ನಮ್ಮ ಅಂಗಳದಾಚೆ, ಒಂದು ಕೂಗಳತೆಯಲ್ಲಿ, ಹೊರೆ ಹೊತ್ತು ಕಾಯುತ್ತ ನಿಂತಿರುತ್ತಾರೆ. ನಾವು ಓಗೊಡುವುದನ್ನೂ ಮರೆತು ಅವರ ಮನೆಯೊಳಗನ್ನು ನೋಡುತ್ತ ಕೂತಿರುತ್ತೇವೆ.