ಗುಲಾಬಿ ಬಣ್ಣ ಬಂದಾಗ ನಿಲ್ಲಿಸು

ಚೈತನ್ಯ ಒಂಬತ್ತನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ, ಜಯನಗರದ ಒಂದು ವಿಜ್ಞಾನ ಕೇಂದ್ರದವರು ಹೈಸ್ಕೂಲ್ ಮಕ್ಕಳಿಗೆಂದು ರಸಾಯನಶಾಸ್ತ್ರದ ಕೋರ್ಸ್ ನಡೆಸಿದರು. ಶಾಲೆಯಲ್ಲಿ ಮೇಷ್ಟ್ರು ಮಾಡಿ ತೋರಿಸುವುದನ್ನು ಹಿಂದಿನ ಬೆಂಚಿನಿಂದ ಇಣುಕಿ ನೋಡಿದ್ದಷ್ಟೇ ಅವನ ಅನುಭವ. ಇಲ್ಲಿ ಪ್ರಯೋಗವೆಲ್ಲ ತಮ್ಮ ಕೈಯಲ್ಲೇ ಎಂದು ಕೇಳಿದ್ದೇ ತಡ, ಮನೆಯಲ್ಲಿ ಹಟ ಹಿಡಿದ. ವಸಂತಪುರದಿಂದ ಅಷ್ಟು ದೂರ ಒಬ್ಬನೇ ಹೇಗೆ ಹೋಗುವುದೆಂದು ಅಮ್ಮ ಅನುಮಾನಿಸಿದಾಗ ತಾತ ಚಿಕ್ಕಬೈರಪ್ಪ ಮೊಮ್ಮಗನ ಪರ ನಿಂತರು.

"ಮೆಟ್ರೋ ಐತಲ್ಲವ್ವ, ಹೋಗ್ಲಿ ಬಿಡು."

ತಾತ ಅಮ್ಮನ ತಂದೆ. ಒಂದು ಕಾಲದಲ್ಲಿ ತರಕಾರಿ ಬೆಳೆಯುತ್ತಿದ್ದ ಹೊಲದಲ್ಲೇ ಮನೆ ಕಟ್ಟಿಸಿ, ಕೆಳಗೆ ತಾವಿದ್ದು, ಮಹಡಿಯಲ್ಲಿ ಮಗಳ ಸಂಸಾರವನ್ನು ಇಟ್ಟುಕೊಂಡಿದ್ದರು.

ಮೊದಲ ವಾರ ಚೈತನ್ಯನಿಗೆ ಹಬ್ಬ. ಪಟಿಕದ ಹರಳು ಬೆಳೆಸಿದರು, ಜಲಜನಕ ತುಂಬಿದ ನಳಿಕೆಯ ಬಾಯಿಗೆ ಉರಿಯುವ ಕಡ್ಡಿ ಹಿಡಿದು 'ಪಟ್' ಅನ್ನಿಸಿದರು. ಎರಡನೆಯ ವಾರ ಟೈಟ್ರೇಷನ್ ಬಂತು. ಕಲಿಸುತ್ತಿದ್ದ ಮೇಘಶ್ರೀ ಮೇಡಂ ಬಿಡಿಸಿ ಹೇಳಿದರು. ಫ್ಲಾಸ್ಕಿನಲ್ಲಿ ಆಮ್ಲ ಇರುತ್ತದೆ, ಅದಕ್ಕೆ ಬಣ್ಣ ಬದಲಿಸಿ ತೋರಿಸುವ ಸೂಚಕದ ಎರಡು ಹನಿ. ಮೇಲಿನ ಬ್ಯೂರೆಟ್ಟಿನಿಂದ, ಅಂದರೆ ಅಳತೆಯ ಗೆರೆಗಳೂ ತುದಿಯಲ್ಲಿ ನಲ್ಲಿಯೂ ಇರುವ ಗಾಜಿನ ಕೊಳವೆಯಿಂದ, ಪ್ರತ್ಯಾಮ್ಲವನ್ನು ಹನಿಹನಿಯಾಗಿ ಬಿಡಬೇಕು. ಆಮ್ಲ ಮುಗಿದ ಕ್ಷಣ ನೀರು ತಿಳಿ ಗುಲಾಬಿಗೆ ತಿರುಗುತ್ತದೆ. ಆಗ ನಿಲ್ಲಿಸಿ, ಎಷ್ಟು ಪ್ರತ್ಯಾಮ್ಲ ಹಿಡಿಯಿತೆಂದು ಅಳತೆ ಓದಬೇಕು.

ಅವನ ಜೋಡಿಗೆ ಜೆ.ಪಿ. ನಗರದ ಧೃತಿ ಇದ್ದಳು. ಅವನು ನಲ್ಲಿ ತಿರುಗಿಸುವುದು, ಅವಳು ಫ್ಲಾಸ್ಕು ನೋಡುವುದು. "ಸ್ಟಾಪ್ ಸ್ಟಾಪ್! ಬಂತು ನೋಡೋ, ಸಖತ್ತಾಗಿದೆ!" ಎಂದು ಅವಳು ಕೂಗಿದಾಗ ಅವನೂ ಬಗ್ಗಿ ನೋಡಿದ. ಅವನಿಗೆ ಕಂಡದ್ದು ಮೊದಲಿದ್ದ ನೀರೇ. ಅಭ್ಯಾಸವಾದರೆ ಕಾಣುತ್ತದೇನೋ ಅಂದುಕೊಂಡು ಸುಮ್ಮನಾದ.

ಮರುದಿನ ಧೃತಿ ಬರಲಿಲ್ಲ. ಅವನೊಬ್ಬನೇ ಬ್ಯೂರೆಟ್ಟಿನ ಮುಂದೆ ನಿಂತ. ಹನಿ ಬಿಟ್ಟು ಫ್ಲಾಸ್ಕು ಅಲ್ಲಾಡಿಸಿದ, ನೋಡಿದ. ಮತ್ತೆ ಬಿಟ್ಟ. ಪಕ್ಕದವರೆಲ್ಲ ಮುಗಿಸಿ ಕೈ ತೊಳೆಯತೊಡಗಿದಾಗ ಗಾಬರಿಯಾಗಿ ಇನ್ನಷ್ಟು ಬಿಟ್ಟ. ಅಷ್ಟರಲ್ಲಿ ಮೇಘಶ್ರೀ ಬಂದರು.

"ಏನಿದು ಚೈತನ್ಯ? ರಂಗೋಲಿ ಬಣ್ಣ ಕದಡಿದ ಹಾಗಿದೆ! ಎಲ್ಲಿತ್ತು ಗಮನ?"

"ಮರೆತೋಯ್ತು ಮೇಡಂ."

"ಇಂಟರೆಸ್ಟ್ ಇಲ್ದಿದ್ರೆ ಬೇರೆ ಯಾರಿಗಾದ್ರೂ ಸೀಟ್ ಸಿಗ್ತಿತ್ತು."

ಯಾರೋ ಕಿಸಕ್ಕೆಂದರು. ಚೈತನ್ಯ ತಲೆ ತಗ್ಗಿಸಿ ಫ್ಲಾಸ್ಕು ತೊಳೆದಿಟ್ಟ.

ಮಾರನೆಯ ಬೆಳಿಗ್ಗೆ ಅವನು ಹೊರಡಲಿಲ್ಲ. ತಾತನ ಕೋಣೆಗೆ ಬಂದು ಮಂಚದ ಮೇಲೆ ಮುಖ ಕೆಳಗೆ ಮಾಡಿ ಮಲಗಿದ.

"ಯಾಕ್ಲಾ ಮಗಾ, ಕ್ಲಾಸಿಲ್ವಾ?"

"ನಾನು ಹೋಗಲ್ಲ ತಾತ."

ತಾತ ಬಲವಂತ ಮಾಡಲಿಲ್ಲ, ಪಕ್ಕದಲ್ಲಿ ಕೂತು ಬೆನ್ನು ಸವರಿದರು. ಸ್ವಲ್ಪ ಹೊತ್ತಿಗೆ ಹುಡುಗ ಎದ್ದು ಕೂತು ಎಲ್ಲ ಹೇಳಿದ. "ಎಲ್ರಿಗೂ ಕಾಣುತ್ತೆ ತಾತ. ನಂಗೊಬ್ನಿಗೆ ಕಾಣಲ್ಲ."



"ಟೊಮೇಟೊ ಕೀಳೋವಾಗ ನಂಗೂ ಹಿಂಗೇ ಆಗ್ತಿತ್ತು ಕಣ್ಲಾ," ಎಂದರು ಚಿಕ್ಕಬೈರಪ್ಪ. "ಹಣ್ಯಾವ್ದು ಕಾಯ್ಯಾವ್ದು ಗೊತ್ತಾಗ್ತಿರ್ಲಿಲ್ಲ. ಹಿಚುಕಿ ನೋಡಿ ಕೀಳ್ತಿದ್ದೆ, ತಡ ಆಗೋದು. ಕೆಲ್ಸಗಳ್ಳ ಅಂತ ನಮ್ಮಪ್ಪ ಬಾರಿಸೋನು. ಕಾಣಾಕಿಲ್ಲ ಅಂತ ನಾನು ಬಾಯ್ಬಿಡ್ಲೇ ಇಲ್ಲ. ನಗ್ತಾರೆ ಅಂತ." ಎದ್ದು ಗೂಟದಲ್ಲಿದ್ದ ಅಂಗಿ ತೆಗೆದುಕೊಂಡರು. "ನಡಿ, ಹೋಗಾನ. ನೀನೇ ಹೇಳ್ಬೇಕು. ನಾನು ಪಕ್ಕದಲ್ಲಿರ್ತೀನಿ."

ಕೋಣನಕುಂಟೆ ಕ್ರಾಸಿನಲ್ಲಿ ಮೆಟ್ರೋ ಹತ್ತಿ ಇಬ್ಬರೂ ಜಯನಗರಕ್ಕೆ ಹೋದರು. ಕೇಂದ್ರದ ಪಡಸಾಲೆಯಲ್ಲಿ ಮೇಘಶ್ರೀ ಸಿಕ್ಕಾಗ ಚೈತನ್ಯ ತಾನೇ ಮುಂದೆ ಬಂದ. "ಮರೆತಿದ್ದಲ್ಲ ಮೇಡಂ. ನಂಗೆ ಆ ಗುಲಾಬಿ ಕಾಣ್ಲೇ ಇಲ್ಲ."

ಮೇಘಶ್ರೀ ಇಬ್ಬರನ್ನೂ ಒಳಗೆ ಕೂರಿಸಿ, ಫೋನಿನಲ್ಲಿ ಬಣ್ಣದ ಚುಕ್ಕೆಗಳ ಚಿತ್ರಗಳನ್ನು ಒಂದೊಂದಾಗಿ ತೋರಿಸಿದರು. ಚುಕ್ಕೆಗಳ ನಡುವೆ ಅಂಕಿ ಅಡಗಿರುತ್ತದಂತೆ. ಹಲವು ಚಿತ್ರಗಳಲ್ಲಿ ಹುಡುಗನಿಗೂ ಅಂಕಿ ಕಾಣಲಿಲ್ಲ, ತಾತನಿಗೂ ಕಾಣಲಿಲ್ಲ.

"ಇದಕ್ಕೆ ಬಣ್ಣಗುರುಡು ಅಂತಾರೆ. ಹೆಚ್ಚಾಗಿ ತಾತನಿಂದ ಮಗಳ ಮೂಲಕ ಮೊಮ್ಮಗನಿಗೆ ಬರುತ್ತೆ. ಒಂದ್ಸಲ ಕಣ್ಣಿನ ಡಾಕ್ಟರಿಗೆ ತೋರಿಸಿ," ಎಂದರು. ಆಮೇಲೆ ಹುಡುಗನ ಕಡೆ ತಿರುಗಿದರು. "ನಾನು ಕೇಳ್ಬೇಕಿತ್ತು, ಬೈಬಾರ್ದಿತ್ತು. ಸಾರಿ ಕಣೋ."

"ಹಂಗಾದ್ರೆ ನಾನು ಕೆಮಿಸ್ಟ್ರಿ ಓದೋಕಾಗಲ್ವಾ ಮೇಡಂ?"

"ಕೆಲವು ಕೆಲಸಕ್ಕೆ ಕಣ್ಣಿನ ಪರೀಕ್ಷೆ ಇರುತ್ತೆ, ಅಲ್ಲಿ ತೊಂದರೆ ಆಗ್ಬಹುದು. ಸುಳ್ಳು ಹೇಳಲ್ಲ. ಆದ್ರೆ ಓದೋದಕ್ಕೇನಡ್ಡಿ? ಒಂದೇ ಸೂಚಕ ಇರೋದಾ ಪ್ರಪಂಚದಲ್ಲಿ?"

ನೀಲಿಗೆ ತಿರುಗುವ ಸೂಚಕವೊಂದಿತ್ತು. ಕೇಂದ್ರದ ಬೀರುವಿನಲ್ಲಿ ಅದು ಇರಲಿಲ್ಲ. ಮೇಘಶ್ರೀ ಬನಶಂಕರಿಯ ಕಾಲೇಜಿನಲ್ಲಿದ್ದ ಗೆಳತಿಗೆ ಫೋನ್ ಮಾಡಿ, ತಾವೇ ಹೋಗಿ ಒಂದು ಚಿಕ್ಕ ಸೀಸೆ ತಂದರು.

ಚೈತನ್ಯ ಮತ್ತೆ ಬ್ಯೂರೆಟ್ಟಿನ ಮುಂದೆ ನಿಂತ. ಈ ಸಲ ಧೃತಿ ಇದ್ದಳು, ಆದರೆ ಬಾಯಿಗೆ ಕೈ ಅಡ್ಡ ಹಿಡಿದು ಸುಮ್ಮನಿದ್ದಳು. ಹನಿ ಬಿದ್ದಲ್ಲಿ ನೀಲಿಯ ಎಳೆಯೊಂದು ಸುಳಿದು ಕರಗಿತು. ಇನ್ನೊಂದು ಹನಿಗೆ ಇನ್ನಷ್ಟು ಹೊತ್ತು ನಿಂತಿತು. ಮತ್ತೊಂದು ಹನಿ ಬಿದ್ದದ್ದೇ ಫ್ಲಾಸ್ಕಿನ ನೀರೆಲ್ಲ ತಿಳಿನೀಲಿಯಾಗಿ ಹಾಗೇ ಉಳಿಯಿತು. ಅವನು ನಲ್ಲಿ ಮುಚ್ಚಿದ. ಕಣ್ಣು ತುಂಬಿ ಬಂದದ್ದು ಧೃತಿಗೆ ಕಾಣದಿರಲೆಂದು ಬ್ಯೂರೆಟ್ಟಿನ ಗೆರೆಗಳನ್ನು ಓದುವವನಂತೆ ಬಗ್ಗಿದ. ಮತ್ತೆರಡು ಸಲ ಮಾಡಿದರೂ ಅದೇ ಅಳತೆ ಬಂತು.

ಕೋರ್ಸ್ ಮುಗಿಯಿತು. ಕಣ್ಣಿನ ಡಾಕ್ಟರೂ ಮೇಡಂ ಹೇಳಿದ್ದನ್ನೇ ಹೇಳಿದರು. ತನ್ನಿಂದ ಬಂತಲ್ಲ ಎಂದು ಅಮ್ಮ ಎರಡು ದಿನ ಕೊರಗಿದಳು. "ನಾನು ಮನೆ ಕಟ್ಲಿಲ್ವಾ, ನಿನ್ನ ಸಾಕ್ಲಿಲ್ವಾ?" ಎಂದು ತಾತ ಗದರಿದ ಮೇಲೆ ಸುಧಾರಿಸಿಕೊಂಡಳು.

ಹತ್ತನೆಯ ತರಗತಿ ಶುರುವಾದ ವಾರ ಚೈತನ್ಯ ತಾನಾಗಿಯೇ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ. ವಿಜ್ಞಾನದ ಮೇಷ್ಟ್ರು ತಲೆಯೆತ್ತಿ ಏನೆಂದು ಕೇಳಿದರು.

"ಸಾರ್, ನಂಗೆ ಕೆಲವು ಬಣ್ಣ ಸರಿಯಾಗಿ ಕಾಣಲ್ಲ," ಎಂದ. "ಪ್ರಾಕ್ಟಿಕಲ್ ಕ್ಲಾಸ್‌ಗೆ ಮುಂಚೆ ನಿಮ್ಗೆ ಹೇಳೋಣ ಅಂತ ಬಂದೆ."

ಮೇಷ್ಟ್ರು ಪಕ್ಕದ ಕುರ್ಚಿಯ ಮೇಲಿದ್ದ ಪುಸ್ತಕಗಳನ್ನೆತ್ತಿ ಮೇಜಿನ ಮೇಲಿಟ್ಟರು.

"ಬಾ, ಕೂತ್ಕೊಂಡು ಹೇಳು."