ಲಗಾನಿನ ತಳದ ಚಾಕು

ನನ್ನ ತಮ್ಮ ಟೋಹಿರನ ಮಗಳು ಸಯ್ಯೋರಾಳ ಸಂಬಂಧ ಮಾತಾಡಲು ಮರ್ಗಿಲಾನಿನಿಂದ ಹುಡುಗನ ಅಪ್ಪ ಅಮ್ಮ ಬಂದಿದ್ದರು. ಹುಡುಗ ಹುಡುಗಿ ಆಗಲೇ ಒಪ್ಪಿಯಾಗಿತ್ತು. ಉಳಿದದ್ದು ಒಂದೇ: ಊಟವಾದ ಮೇಲೆ ಹುಡುಗನ ಅಮ್ಮ ಹೋಸಿಯತ್ ತಮ್ಮ ಕೈಯಾರೆ ರೊಟ್ಟಿ ಮುರಿಯಬೇಕು. ಮುರಿದರೆ ಸಂಬಂಧ ಗಟ್ಟಿ. ಮುರಿಯದೆ ಎದ್ದು ಹೋದರೆ ಸಂಜೆಯೊಳಗೆ ನಮ್ಮೂರು ರಿಷ್ಟಾನಿಗೆಲ್ಲ ಡಂಗುರ.

ಟೋಹಿರ್ ತಿಗರಿಯ ಮೇಲೆ ಮಾಡಿ, ಸಯ್ಯೋರಾ ಬಣ್ಣ ಬರೆದ ದೊಡ್ಡ ಮಣ್ಣಿನ ತಟ್ಟೆ ಲಗಾನಿನಲ್ಲೇ ಪಲಾವ್ ಬಡಿಸಬೇಕೆಂದು ಹಟ ಹಿಡಿದವಳು ನಾನು. ಅಂಚಿನ ಸುತ್ತ ದಾಳಿಂಬೆ, ತಳದ ನಡುವೆ ದೃಷ್ಟಿ ತಾಗದಿರಲೆಂದು ಒಂದು ನೀಲಿ ಚಾಕುವಿನ ಚಿತ್ರ. ಆ ಚಾಕುವಿನ ಮೊನೆ ಅತಿಥಿಯ ಕಡೆ ತಿರುಗಬಾರದು ಎಂದು ಮನೆಯ ಮಕ್ಕಳಿಗೆಲ್ಲ ಬೈದು ಕಲಿಸಿದವಳೂ ನಾನೇ. ಮೊನೆ ಯಾವ ಕಡೆ ಎಂದು ಗೊತ್ತಾಗಲು ಅದರ ನೇರಕ್ಕೆ ಅಂಚಿನಲ್ಲೊಂದು ಕಂದು ಚುಕ್ಕೆ ಇಡುತ್ತೇವೆ.

ಮಾತಿನ ಭರದಲ್ಲಿ ತಟ್ಟೆ ತಂದಿಟ್ಟೆ. ಎಲ್ಲರೂ ಕೈ ಹಾಕಿದರು. ಆಗ ನೋಡಿದರೆ ಕಂದು ಚುಕ್ಕೆ ಹೋಸಿಯತ್ ಎದುರಿಗೇ ಇದೆ! ಇನ್ನು ತಟ್ಟೆ ತಿರುಗಿಸುವ ಹಾಗಿಲ್ಲ. ಒಬ್ಬರ ಎಂಜಲು ಇನ್ನೊಬ್ಬರ ಮುಂದೆ ಹೋಗುತ್ತದೆ. ಉಳಿದದ್ದು ಒಂದೇ ದಾರಿ, ತಳ ಕಾಣದಂತೆ ನೋಡಿಕೊಳ್ಳುವುದು.

"ತಗೊಳ್ಳಿ, ಇನ್ನೊಂಚೂರು," ಎಂದು ನಡುವೆ ಒಂದು ಸೌಟು ಸುರಿದೆ.

"ಸಾಕು ಅಕ್ಕಾ."

"ಸಾಕು ಅನ್ನೋರಿಗೇ ಬಡಿಸಬೇಕು," ಎಂದು ಇನ್ನೆರಡು ಸೌಟು.

ಹುಡುಗನ ಅಪ್ಪ ಯೋಲ್ದಾಶ್ ಸೊಂಟದ ಪಟ್ಟಿ ಸಡಿಲ ಮಾಡಿಕೊಂಡರು. ಟೋಹಿರ್ ನನ್ನ ಕಿವಿಯಲ್ಲಿ, "ಅಕ್ಕಾ, ಅವರನ್ನ ಬೀಗರು ಮಾಡ್ಕೊಳ್ತೀಯೋ, ಕೊಂದೇ ಕಳಿಸ್ತೀಯೋ?" ಎಂದ. ನಾನು ಅವನಿಗೂ ಒಂದು ಸೌಟು ಹಾಕಿದೆ. ಕೊನೆಗೆ ಕಡಾಯಿಯೇ ಬರಿದಾಯಿತು.

ಹೋಸಿಯತ್ ನನ್ನನ್ನು ದಿಟ್ಟಿಸಿ ನೋಡಿದರು. "ತಟ್ಟೆ ಒಡೆದಿದ್ಯಾ? ಬಿರುಕು ಬಿಟ್ಟಿದ್ರೆ ಹೇಳಿಬಿಡಿ, ಹೀಗ್ಯಾಕೆ ಮುಚ್ತೀರಿ?" ಎಂದವರೇ ಕೈಯಿಂದ ಪಲಾವ್ ಬದಿಗೆ ಸರಿಸಿದರು. ನೀಲಿ ಚಾಕು, ಮೊನೆ ನೇರ ಅವರ ಎದೆಗೆ.

ರೊಟ್ಟಿ ಹಾಗೇ ಕೂತಿತ್ತು. ಮಗುವಿನ ಬಾಳು ನನ್ನ ಕೈಯಾರೆ ಕೆಡಿಸಿದೆನಲ್ಲ ಎಂದು ನನಗೆ ಅಳುವೇ ಬಂತು.

"ಚಾಕು ಬರೆದದ್ದು ನಾನು," ಎಂದಳು ಬಾಗಿಲಲ್ಲಿ ನಿಂತಿದ್ದ ಸಯ್ಯೋರಾ. "ನಿಮಗೆ ದೃಷ್ಟಿ ಆಗದಿರಲಿ ಅಂತ. ತಿರುಗಾಮುರುಗಾ ಇಟ್ಟದ್ದು ಮಾತ್ರ ನಮ್ಮತ್ತೆ!"

ಅಬ್ಬಾ, ನಾನೇ ಎತ್ತಿ ಆಡಿಸಿದ ಮಗು ನನ್ನನ್ನೇ ಸಿಕ್ಕಿಸಿತಲ್ಲ!

ಹೋಸಿಯತ್ ಬಗ್ಗಿ ಚಾಕುವಿನ ಗೆರೆಯ ಮೇಲೆ ಬೆರಳಾಡಿಸಿದರು. "ಒಂದೇ ಎಳೆತದಲ್ಲಿ ಬರ್ದಿದೀಯ. ಕೈ ನಡುಗಿಲ್ಲ."

"ಇಲ್ಲ. ಈಗ ನಡುಗ್ತಿದೆ."

ಅವರ ತುಟಿಯಂಚಿನಲ್ಲಿ ನಗು ಬಂತು. ಎರಡೂ ಕೈಯಲ್ಲಿ ತಟ್ಟೆ ಹಿಡಿದು, ಎಂಜಲು ಗಿಂಜಲು ನೋಡದೆ ಗರ್ರನೆ ತಿರುಗಿಸಿದರು. ಮೊನೆ ಬಂದು ನನ್ನ ಮುಂದೆ ನಿಂತಿತು.

"ಹೊಟ್ಟೆ ಬಿರಿಯೋ ಹಾಗೆ ತುರುಕಿದೋರು ಇವರು. ಇವರ ಕಡೇನೇ ಇರಲಿ!"

ಯೋಲ್ದಾಶ್ ನಗಲೂ ಆಗದೆ ಹೊಟ್ಟೆ ಹಿಡಿದುಕೊಂಡರು. ಆ ಗದ್ದಲದಲ್ಲೇ ಹೋಸಿಯತ್ ರೊಟ್ಟಿಯನ್ನೆತ್ತಿ ಎರಡು ಹೋಳು ಮಾಡಿ, ಮೊದಲ ತುಂಡನ್ನು ನನ್ನ ಬಾಯಿಗೆ ಹಿಡಿದರು.

"ಬಾಯಿ ತೆಗೀರಿ ಬೀಗಿತ್ತಿ. ಸಾಕು ಅನ್ನೋ ಹಾಗಿಲ್ಲ."