ಆಂಗ್ಯುಲರ್‌ಗೆ ಹೂವು ಕೇಳಿದ್ದು

ಧನುಶ್ರೀಯ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು. ಆಗದೆ ಇನ್ನೇನು? ಒಂದು ವೆಬ್‌ಸೈಟ್ ಕಟ್ಟಬೇಕು, ಅದಕ್ಕೆ ಏನೇನು ಬೇಕು ಅಂತ ಗೂಗಲನ್ನು ಕೇಳಿದರೆ ಅದು ಇಡೀ ಸಂತೆಯನ್ನೇ ತಂದು ಮುಂದೆ ಸುರಿದಿತ್ತು. ಜನರ ಕಣ್ಣಿಗೆ ಕಾಣುವ ಮುಂಭಾಗಕ್ಕೆ ಆಂಗ್ಯುಲರ್ ಅಂತೆ, ರಿಯಾಕ್ಟ್ ಅಂತೆ, ಎಂಬರ್ ಅಂತೆ, ಬ್ಯಾಕ್‌ಬೋನ್ ಅಂತೆ. ಕಾಣದ ಹಿಂಭಾಗಕ್ಕೆ ನೋಡ್ ಅಂತೆ. ಲೆಕ್ಕಪತ್ರ ತುಂಬಿಡಲು ಮಾಂಗೋ ಅಂತೆ. ಇವನ್ನೆಲ್ಲ ಒಟ್ಟುಗೂಡಿಸಲು ಗ್ರಂಟ್ ಅಂತೆ. ಅಯ್ಯೋ ಗ್ರಂಟ್ ಹಳೆಯದಾಯಿತು, ಈಗ ಗಲ್ಪ್ ಅಂತೆ! ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ಹೂತುಹಾಕಿ ಮಣ್ಣು ಮುಚ್ಚಿರುತ್ತಿದ್ದ. ಬರೆದವರಿಗೇನು, ಬರೆದು ಎದ್ದುಹೋದರು. ಓದಿದವಳ ಗತಿ ಕೇಳುವವರಿಲ್ಲ.

ಎರಡು ಸಾವಿರದ ಹದಿನೈದು ಆಗ ತಾನೇ ಶುರುವಾಗಿತ್ತು. ಕನಕಪುರದ ಬಸ್‌ಸ್ಟ್ಯಾಂಡಿನ ಹಿಂದೆ, ಗೊಬ್ಬರದಂಗಡಿಯ ಮೇಲೆ ಒಂದು ರೂಮು, ಅದರೊಳಗೆ ಎರಡು ಕಂಪ್ಯೂಟರು, ಇಬ್ಬರು ಹುಡುಗಿಯರು. ಒಬ್ಬಳು ಕೋಡಿಹಳ್ಳಿ ಕಡೆಯ ಬೋರಲಿಂಗಯ್ಯನವರ ಮಗಳು ಧನುಶ್ರೀ. ಇನ್ನೊಬ್ಬಳು ಕನಕಪುರದವಳೇ ಆದ ಫಿರೋಜಾ. ರಾಮನಗರದ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಶಾಲೆಗಳಿಗೆ, ಕಲ್ಯಾಣ ಮಂಟಪಕ್ಕೆ, ಚನ್ನಪಟ್ಟಣದ ಬೊಂಬೆ ಅಂಗಡಿಗೆ ಅಂತ ಚಿಕ್ಕಪುಟ್ಟ ಸೈಟುಗಳನ್ನು ಮಾಡಿಕೊಟ್ಟು ಹೇಗೋ ಹೆಸರು ಮಾಡಿಕೊಂಡಿದ್ದರು. ಮುಂದಿನ ಬಣ್ಣ ಬೆಡಗು ಧನುಶ್ರೀಯದು. ಹಿಂದಿನದೆಲ್ಲ ಫಿರೋಜಾಳದು: ಪಿಎಚ್‌ಪಿಯಲ್ಲಿ ಬರೆಯುವಳು, ಮೈಎಸ್‌ಕ್ಯುಎಲ್‌ನಲ್ಲಿ ಮಾಹಿತಿ ಜೋಡಿಸುವಳು. ಇವಳ ಕೆಲಸಕ್ಕೆ ಅವಳು ಕೈ ಹಾಕುತ್ತಿರಲಿಲ್ಲ, ಅವಳ ಕೆಲಸ ಇವಳಿಗೆ ತಿಳಿಯುತ್ತಿರಲಿಲ್ಲ. ಚೆನ್ನಾಗೇ ನಡೆದಿತ್ತು.

ಆಗ ಬಂದರು ನೋಡಿ, ಹಾರೋಹಳ್ಳಿ ಕಡೆಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯ ಮ್ಯಾನೇಜರ್ ಬಾಲರಾಜು. ಸುತ್ತಲ ಹಳ್ಳಿಗಳಿಂದ ಹೆಂಗಸರನ್ನು ಕರೆತರಲು ಫ್ಯಾಕ್ಟರಿ ಬಸ್ಸುಗಳು ಓಡುತ್ತಿದ್ದವು. ಬಸ್ಸು ತಡವಾದರೆ ಉಯ್ಯಂಬಳ್ಳಿ ಕಡೆಯ ಹೆಂಗಸರು ಬೆಳಗಿನ ಚಳಿಯಲ್ಲಿ ರಸ್ತೆಬದಿ ನಡುಗುತ್ತ ನಿಲ್ಲಬೇಕಿತ್ತು. ಬಸ್ಸು ಎಲ್ಲಿದೆ ಅಂತ ಫೋನಿನಲ್ಲೇ ಕಾಣುವಂಥ ಸೈಟು ಬೇಕು ಅಂದರು. ಹುಡುಗಿಯರಿಗೆ ಅಷ್ಟು ದೊಡ್ಡ ಕೆಲಸ ಸಿಕ್ಕಿದ್ದು ಅದೇ ಮೊದಲು. ಆದರೆ ಬಾಲರಾಜು ಒಂದು ಕೊಕ್ಕೆ ಇಟ್ಟರು.

"ಮುಂದ್ಕೂ ಹಿಂದ್ಕೂ ಎಲ್ಲಾ ಜಾವಾಸ್ಕ್ರಿಪ್ಟಲ್ಲೇ ಆಗ್ಬೇಕಮ್ಮ. ನಮ್ಮ ಬೆಂಗ್ಳೂರು ಆಫೀಸಲ್ಲಿರೋ ಹುಡುಗ್ರಿಗೆ ಅದೇ ಬರೋದು. ಅದ್ರಲ್ಲಿ ಯಾವ್ದ್ಯಾವ್ದು ತಗೋತೀರೋ ನೀವೇ ನೋಡ್ಕೊಂಡು ಸೋಮವಾರ ಹೇಳ್ಬುಡಿ. ಅದ್ರ ಮೇಲೆ ಮಾತು ಬದಲಾಯಿಸ್ಬಾರ್ದು."

ಅವರು ಮೆಟ್ಟಿಲಿಳಿದು ಹೋದ ಮೇಲೆ ಫಿರೋಜಾ ತನ್ನ ಕಂಪ್ಯೂಟರಿನಲ್ಲಿ ತೆರೆದಿದ್ದ ಕೆಲಸವನ್ನು ಮುಚ್ಚಿದಳು. ಪಿಎಚ್‌ಪಿ ಬೇರೆಯೇ ಭಾಷೆ, ಅದರ ಕಥೆ ಅಲ್ಲಿಗೆ ಮುಗಿದಿತ್ತು. ಇನ್ನು ಉಳಿದದ್ದು ಮೈಎಸ್‌ಕ್ಯುಎಲ್ ಒಂದೇ. ನೋಡ್ ಜೊತೆಗೆ ಅದನ್ನೂ ಇಟ್ಟುಕೊಳ್ಳಬಹುದಿತ್ತು. ಆದರೆ ನೋಡ್ ಅಂದವರೆಲ್ಲ ಅದರ ಬೆನ್ನಿಗೇ ಮಾಂಗೋ ಅನ್ನುತ್ತಿದ್ದರು, ಮಾಂಗೋ ಅಂದವರು ಆಂಗ್ಯುಲರ್ ಅನ್ನುತ್ತಿದ್ದರು. ಮೂರೂ ಜೊತೆಗೇ ಬರಬೇಕು, ಹೊಸದೆಂದರೆ ಪೂರ್ತಿ ಹೊಸದು ಅಂತ ಅವರ ವಾದ. ಧನುಶ್ರೀಗೂ ಆ ಹೊಸತಿನ ಆಸೆ ಹತ್ತಿಬಿಟ್ಟಿತ್ತು.

"ನೋಡೇ ಧನು," ಅಂದಳು ಫಿರೋಜಾ ಕೊನೆಗೆ. "ಬಿಡದೀಲಿ ಒಂದು ಫ್ಯಾಕ್ಟ್ರಿ ಆಫೀಸಿಂದ ನಂಗೆ ಕೆಲ್ಸಕ್ಕೆ ಫೋನ್ ಬಂದೈತೆ. ಸೋಮವಾರ ಬಂದು ಸೇರ್ಕೋ ಅಂತವ್ರೆ. ನೀನು ಪೂರ್ತಿ ಹೊಸದು ತಗೊಂಡ್ರೆ ಇಲ್ಲಿ ನಂಗೆ ಮಾಡಕ್ಕೇನೂ ಉಳಿಯಲ್ಲ. ನೀನು ಕಲ್ತು ನಂಗೆ ಹೇಳ್ಕೊಡೋವರ್ಗೂ ಸುಮ್ನೆ ಕೂತ್ಕೊಂಡು ಪಾಲು ತಗೊಳ್ಳೋಳಲ್ಲ ನಾನು. ಮೈಎಸ್‌ಕ್ಯುಎಲ್ ಇಟ್ಕೊಂಡ್ರೆ ಇರ್ತೀನಿ. ಯಾವ್ದು ಅಂತ ನೀನೇ ಹೇಳ್ಬುಡು."

"ಹೇಳ್ತೀನಿ ಕಣೇ, ಒಸಿ ತಡಿ. ಓದಿ ಹೇಳ್ತೀನಿ," ಅಂದಳು ಧನುಶ್ರೀ.

ಓದಿದಳು, ಓದಿದಳು, ಓದಿಯೇ ಓದಿದಳು. ಓದಿದಷ್ಟೂ ಗೊಂದಲ ಹೆಚ್ಚಿತೇ ಹೊರತು ಬೆಳಕು ಹರಿಯಲಿಲ್ಲ. ಆಂಗ್ಯುಲರೇ ಸೈ ಅಂತ ಬೆಳಿಗ್ಗೆ ಎದ್ದಳು. ಮುಂದಿನ ಆಂಗ್ಯುಲರ್ ಬೇರೆಯೇ ಬರುತ್ತದಂತೆ, ಹಳೆಯದಕ್ಕೂ ಅದಕ್ಕೂ ಸಂಬಂಧವೇ ಇಲ್ಲವಂತೆ ಅಂತ ಮಧ್ಯಾಹ್ನ ಯಾರೋ ಬರೆದದ್ದು ಸಿಕ್ಕಿತು. ನೋಡ್ ಒಂದಾದರೂ ಗಟ್ಟಿಯಪ್ಪಾ ಅಂದುಕೊಂಡರೆ, ಅದನ್ನು ಕಟ್ಟಿದವರೊಳಗೇ ಜಗಳವಾಗಿ, ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಂಡ ಹಾಗೆ ಅದು ಎರಡಾಗಿದೆ ಅಂತ ಸುದ್ದಿ. ಮೈಎಸ್‌ಕ್ಯುಎಲ್‌ನಲ್ಲಿ ನಿಲ್ಲೋಣ ಅಂದರೆ, ಇನ್ನೂ ಅದರಲ್ಲೇ ಇದ್ದೀರಾ ಅಂತ ಹಂಗಿಸುವವರು. ಯಾವುದನ್ನು ಹಿಡಿದರೂ ಇನ್ನೊಂದು ಕೈಬಿಟ್ಟ ಸಂಕಟ. ಫಿರೋಜಾ ಪಕ್ಕದ ಕುರ್ಚಿಯಲ್ಲಿ ಕೂತು ಹಳೆಯ ಗಿರಾಕಿಗಳ ಸೈಟುಗಳನ್ನು ಒಪ್ಪಮಾಡುತ್ತಿದ್ದಳು. ಆಗಾಗ ತಿರುಗಿ ನೋಡುತ್ತಿದ್ದಳು, ಆದರೆ ಕೇಳುತ್ತಿರಲಿಲ್ಲ.

ಹೀಗೆ ಭಾನುವಾರ ಬಂದೇಬಿಟ್ಟಿತು. ಅವರೆಕಾಯಿಯ ಕಾಲ. ಹಿತಕಿದ ಬೇಳೆ ಸಾರಿಗೆ ಬಾರವ್ವ ಅಂತ ಧನುಶ್ರೀಯ ತಾಯಿ ಮಾಯಮ್ಮ ಫಿರೋಜಾಳನ್ನು ಊರಿಗೇ ಕರೆಸಿದ್ದಳು. ಮೂವರೂ ಜಗಲಿಯ ಮೇಲೆ ಕೂತು, ನೆನೆಸಿದ ಕಾಳು ಹಿಸುಕುತ್ತಿದ್ದರು. ಧನುಶ್ರೀ ನಾಲ್ಕು ಕಾಳು ಹಿಸುಕುವುದು, ಫೋನು ನೋಡುವುದು, ಉಸ್ಸೆನ್ನುವುದು. ಮಾಯಮ್ಮ ನೋಡುವಷ್ಟು ನೋಡಿದಳು.

"ಏನವ್ವ ನಿಂದು ಗೋಳು? ಗಂಡು ನೋಡಕ್ಕೆ ಬಂದಾಗ್ಲೂ ಇಂಗೆ ಒದ್ದಾಡಿರ್ಲಿಲ್ವಲ್ಲ."

"ನಿಂಗೆ ಗೊತ್ತಾಗಲ್ಲ ಸುಮ್ಕಿರವ್ವ. ಯಾವ್ದು ತಗೋಬೇಕು ಅಂತ್ಲೇ ಗೊತ್ತಾಯ್ತಿಲ್ಲ."

"ಅದ್ಕೇನು ಅಷ್ಟೊಂದು ಯೋಚ್ನೆ? ನಿಮ್ಮಪ್ಪ ಬೋರ್ ಕೊರ್ಸುವಾಗ ಏನ್ ಮಾಡ್ದ? ನಿಮ್ಮತ್ತೆ ಮಗಳನ್ನ ತಿಪ್ಪಸಂದ್ರಕ್ಕೆ ಕೊಡುವಾಗ ಏನ್ ಮಾಡುದ್ರು? ಮಾರಮ್ಮನ ತಾವ ಹೋಗಿ ಹೂ ಕೇಳುದ್ರು. ನೀನೂ ಕೇಳು."

ಧನುಶ್ರೀ ಫಕ್ಕನೆ ನಕ್ಕಳು. "ಮಾರಮ್ಮನ್ನ ಹೋಗಿ ಆಂಗ್ಯುಲರ್ ಕೇಳ್ಲಾ?"

"ಆ ಫೋನ್ ಕೇಳಿ ಕೇಳಿ ಏನ್ ಕಿಸ್ದೆ?" ಅಂದಳು ಮಾಯಮ್ಮ.

ಫಿರೋಜಾಳೂ ನಕ್ಕಳು. ನಗುತ್ತಲೇ, "ಹೋಗೇ ಧನು. ಹೆಂಗಾದ್ರೂ ಇವತ್ತು ತೀರ್ಮಾನ ಆಗ್ಲಿ," ಅಂದಳು. ಅವಳ ನಗುವಿನ ಹಿಂದೆ ಏನಿತ್ತು ಅಂತ ಧನುಶ್ರೀ ನೋಡಿದ್ದರೆ ಚೆನ್ನಾಗಿತ್ತು. ಆದರೆ ಅವಳಿಗೆ ಆ ಹೊತ್ತಿಗೆ ಹೋದ ಜೀವ ಬಂದಹಾಗಾಗಿತ್ತು: ತಾನು ಹೇಳಬೇಕಾದ್ದನ್ನು ಬೇರೆ ಯಾರೋ ಹೇಳಿಬಿಡುತ್ತಾರಲ್ಲ! ಇಂಜಿನಿಯರಿಂಗ್ ಓದಿದವಳು ಮಿಂದು, ಮಡಿಸೀರೆ ಉಟ್ಟು, ತೆಂಗಿನಕಾಯಿ ಹಿಡಿದು ಅವ್ವನ ಜೊತೆ ಹೊರಟಳು.

ಮಾರಮ್ಮನ ಗುಡಿ ಊರ ಹೊರಗಿನ ಹುಣಸೆಮರದ ಪಕ್ಕದಲ್ಲಿತ್ತು. ಫಿರೋಜಾ ಸ್ಕೂಟರನ್ನು ನೆರಳಿಗೆ ನಿಲ್ಲಿಸಿ ಹೊರಗಿನ ಕಟ್ಟೆಯ ಮೇಲೆ ಕೂತಳು. ಪೂಜಾರಿ ಅಂಕಯ್ಯ ಅಮ್ಮನ ಮೈಗೆ ನೀರು ಚಿಮುಕಿಸಿ, ಕಣಗಲ ಹೂವುಗಳನ್ನು ಎರಡೂ ಭುಜಕ್ಕೆ ಅಂಟಿಸಿದ.

"ಏನು ಕೇಳ್ತೀಯವ್ವ?"

"ಅದು... ಆಂಗ್ಯುಲರೋ ರಿಯಾಕ್ಟೋ, ಮಾಂಗೋನೋ ಮೈಎಸ್‌ಕ್ಯುಎಲ್ಲೋ, ಗ್ರಂಟೋ..."

"ತಡಿ ತಡಿ ತಡಿ!" ಅಂಕಯ್ಯ ಕೈ ಅಡ್ಡ ಮಾಡಿದ. "ಅಮ್ಮನೇನು ಕಿರಾಣಿ ಅಂಗ್ಡಿ ಇಟ್ಕೊಂಡವ್ಳಾ? ಒಂದೇ ಮಾತು ಕೇಳು. ಆಗ್ಬೇಕು ಅಂದ್ರೆ ಬಲ್ಗಡೆ ಕೊಡ್ತಾಳೆ, ಬ್ಯಾಡ ಅಂದ್ರೆ ಎಡ್ಗಡೆ ಕೊಡ್ತಾಳೆ. ಮನಸ್ನಲ್ಲೇ ಕೇಳ್ಕೊ."

ಒಂದೇ ಮಾತು! ಧನುಶ್ರೀ ಕಣ್ಣು ಮುಚ್ಚಿ, ತಲೆಯೊಳಗಿನ ರಾಶಿಯನ್ನೆಲ್ಲ ಕೆದಕಿದಳು. ಕೊನೆಗೆ, ಪೂರ್ತಿ ಹೊಸದನ್ನೇ ತಗೊಳ್ಳಲಾ ತಾಯಿ, ಹಳೆಯದು ಯಾವುದೂ ಬೇಡವಾ, ಅಂತ ಕೇಳಿಕೊಂಡಳು. ಹಾಗೆ ಕೇಳುವಾಗ ಹೊರಗೆ ಕಟ್ಟೆಯ ಮೇಲೆ ಕೂತವಳ ನೆನಪು ಬಾರದೆ ಇರಲಿಲ್ಲ. ಬಂತು, ಎದೆ ಚುರುಕ್ಕೆಂದಿತು. ಆದರೆ ಅಮ್ಮನೇ ಹೇಳಿದರೆ ನನ್ನದೇನು ತಪ್ಪು ಅಂತ ಸಮಾಧಾನವನ್ನೂ ಮಾಡಿಕೊಂಡಳು.

ಕಣ್ಣು ಬಿಟ್ಟು ನೋಡುತ್ತ ನಿಂತಳು. ಪಕ್ಕದಲ್ಲಿ ಮಾಯಮ್ಮ ಕೈಮುಗಿದು ಕಣ್ಣು ಮುಚ್ಚಿದ್ದಳು. ಅಂಕಯ್ಯ ಅತ್ತ ತಿರುಗಿ ಕರ್ಪೂರದ ತಟ್ಟೆ ಹುಡುಕುತ್ತಿದ್ದ. ಹೂವೊಂದು ಅಲುಗಿತು, ಜಾರಿತು, ಟಪ್ಪನೆ ಧನುಶ್ರೀಯ ಬಲಗಡೆಗೆ ಬಿತ್ತು!

ಅವಳು ಮಂಗಳಾರತಿಗೂ ನಿಲ್ಲಲಿಲ್ಲ. ಒಂದು ವಾರದಿಂದ ತಲೆಯ ಮೇಲೆ ಹೊತ್ತಿದ್ದ ಬಂಡೆ ಇಳಿದುಹೋದ ಸಂತೋಷ. ಸೀರೆಯ ನೆರಿಗೆ ಎತ್ತಿಕೊಂಡು ಹೊರಗೆ ಓಡಿದಳು.

"ಬಲಗಡೆ ಬಿತ್ತು ಕಣೇ ಫಿರೋಜಾ! ಬಲಗಡೆ! ಆಂಗ್ಯುಲರ್, ನೋಡ್, ಮಾಂಗೋ, ಪೂರ್ತಿ ಹೊಸದು! ಸದ್ಯ, ಬದುಕಿದೆ!"

ಫಿರೋಜಾ ಕಟ್ಟೆಯಿಂದ ಇಳಿದಳು. ಧನುಶ್ರೀಯ ಮುಖವನ್ನೇ ಒಂದು ಗಳಿಗೆ ನೋಡಿದಳು.

"ಒಳ್ಳೇದಾಯ್ತು ಬಿಡು," ಅಂದಳು. "ಹಂಗಾದ್ರೆ ನಾನು ಹೊರಡ್ತೀನಿ. ನಾಳಿಕ್ಕೆ ಬಟ್ಟೆಬರೆ ರೆಡಿ ಮಾಡ್ಕೋಬೇಕು. ಸಾರು ಇನ್ನೊಂದ್ಸಲ ತಿಂತೀನಿ ಅಂತ ನಿಮ್ಮವ್ವಂಗೆ ಹೇಳು."

"ಏಯ್, ಊಟ ಮಾಡ್ಕೊಂಡು ಹೋಗೇ..."

ಸ್ಕೂಟರು ಹುಣಸೆಮರ ದಾಟಿ ರಸ್ತೆಗೆ ಇಳಿದಿತ್ತು. ಧನುಶ್ರೀ ಕೈ ಎತ್ತಿದ್ದು ಎತ್ತಿದಂತೆಯೇ ಉಳಿಯಿತು. ನಿಲ್ಲಿಸಬೇಕಿತ್ತಾ ಅಂತ ಅನ್ನಿಸಿತು. 

ಅಷ್ಟರಲ್ಲಿ ಮಾಯಮ್ಮ ಮಂಗಳಾರತಿ ತಟ್ಟೆಯ ಕುಂಕುಮ ಹಿಡಿದು ಗುಡಿಯಿಂದ ಬಂದಳು. ಹಿಂದೆ ಅಂಕಯ್ಯ.

"ಹೋಗ್ಲಿ ಬಿಡು ಮಗಾ, ಬೇಜಾರ್ ಮಾಡ್ಕೋಬ್ಯಾಡ," ಅಂದಳು ಮಾಯಮ್ಮ. "ಅಮ್ಮ ಬ್ಯಾಡ ಅಂದ್ಳು, ಬುಟ್ಬುಡು."

"ಬ್ಯಾಡ ಅಂದ್ಳಾ? ಬಲಗಡೆ ಕೊಟ್ಳಲ್ಲವ್ವ! ನಾನೇ ನೋಡ್ದೆ."

ಅಂಕಯ್ಯ ಹಣೆ ಚಚ್ಚಿಕೊಂಡ. "ಅಯ್ಯೋ ನನ್ನವ್ವ! ಅದು ನಿನ್ನ ಬಲ್ಗಡೆ. ಅಮ್ಮ ನಿನ್ ಕಡೆಗೆ ಮುಖ ಮಾಡ್ಕೊಂಡು ಕೂತವ್ಳಲ್ವಾ? ಅವಳಿಗೆ ಅದು ಎಡ್ಗಡೆ. ದೇವ್ರ ಬಲ್ಗಡೆ ನೋಡ್ಬೇಕು ಕಣವ್ವ, ನೀನ್ ನಿಂತಿರೋ ಕಡೆಯಿಂದ ನೋಡೋದಲ್ಲ. ಇಷ್ಟು ದಿವ್ಸ ಊರಲ್ಲಿದ್ದು ಇದೂ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಇದುವರೆಗೆ ಅವಳ ಪರವಾಗಿ ಅವ್ವನೇ ಕೇಳುತ್ತಿದ್ದಳು, ಅವ್ವನೇ ಹೇಳುತ್ತಿದ್ದಳು. ಧನುಶ್ರೀ ಬೆಪ್ಪಾಗಿ ಕಣ್ಣು ಕಣ್ಣು ಬಿಟ್ಟಳು. ಮರುಗಳಿಗೆ ಅವಳಿಗೆ ಖುಷಿಯೋ ಖುಷಿ. ಬೇಡ ಅಂದಳಾ ಅಮ್ಮ? ಹಾಗಾದರೆ ಮೈಎಸ್‌ಕ್ಯುಎಲ್! ಫಿರೋಜಾ ಉಳಿದಳು ಕಣವ್ವ ಅಂತ ಕೂಗಿದಳು! ಗುಡಿಯ ಹತ್ತಿರ ನೆಟ್‌ವರ್ಕ್ ಇರಲಿಲ್ಲ, ಹಾಲಿನ ಡೇರಿ ಹತ್ತಿರ ಸಿಗುತ್ತಿತ್ತು. ಅಲ್ಲಿಗೆ ಓಡಿ, ಫೋನು ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಡೇರಿ ಕಟ್ಟೆಯ ಮೇಲೆ ಕೂತು, ನಿಂತು, ಮತ್ತೆ ಮತ್ತೆ ಹಚ್ಚಿದ ಮೇಲೆ, ಕನಕಪುರ ತಲುಪಿದ ಫಿರೋಜಾ ಫೋನ್ ಎತ್ತಿದಳು.

"ಫಿರೋಜಾ, ತಪ್ಪಾಗಿ ನೋಡ್ಬುಟ್ಟೆ ಕಣೇ! ಅದು ಅಮ್ಮನ ಎಡಗಡೆಯಂತೆ. ಹೊಸದು ಬ್ಯಾಡ ಅಂದವ್ಳೆ. ಮೈಎಸ್‌ಕ್ಯುಎಲ್ಲೇ ಇಟ್ಕೋತೀನಿ. ನೀನು ಬಿಡದಿಗೆ ಹೋಗಂಗಿಲ್ಲ!"

ಆ ಕಡೆ ಫಿರೋಜಾ ಸ್ಕೂಟರಿನ ಸ್ಟ್ಯಾಂಡು ಹಾಕಿದ ಸದ್ದು ಕೇಳಿತು. 

"ಕೇಳಿಸ್ತು," ಅಂದಳು ಫಿರೋಜಾ. ಕೋಪವಿರಲಿಲ್ಲ ದನಿಯಲ್ಲಿ, ಕೋಪವಿದ್ದಿದ್ದರೆ ವಾಸಿಯಿತ್ತು. "ಧನು, ಹೂವು ಯಾವ ಕಡೆ ಬಿದ್ರೂ ನಂಗೇನೂ ಬೇಜಾರಿಲ್ಲ. ಆದ್ರೆ ನಾನು ಹೋಗ್ಬೇಕಾಯ್ತದೆ ಅಂತ ಗೊತ್ತಿದ್ದೂ ಎಷ್ಟು ಖುಷಿಯಿಂದ ಓಡ್ಬಂದೆ ನೀನು! ನಿನ್ನ ಮುಖ ನೋಡ್ದೆ ನಾನು. ಕಾಲೇಜಲ್ಲಿ ರ್‍ಯಾಂಕ್ ಬಂದಾಗ್ಲೂ ಅಷ್ಟು ಕುಣಿದಿರ್ಲಿಲ್ಲ."

"ಅಯ್ಯೋ, ಅದು ಹಂಗಲ್ಲ ಕಣೇ. ತೀರ್ಮಾನ ಆಯ್ತಲ್ಲ ಅಂತ..."

"ಅಮ್ಮ ಏನ್ ಹೇಳಿದ್ಲು ಅಂತ ಗೊತ್ತಾಯ್ತು. ಒಂದ್ವಾರದ ಹಿಂದೆ ನಾನು ಕೇಳಿದ್ದು ನಿನ್ನ. ನೀನ್ ಹೇಳು. ನಾನು ಬೇಕಾ ನಿಂಗೆ?"

ಎಷ್ಟು ಸುಲಭದ ಪ್ರಶ್ನೆ! ಬೇಕು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ವಾರವಿಡೀ ತೂಗಿ ತೂಗಿ ಅಭ್ಯಾಸವಾಗಿದ್ದ ತಲೆ, ಹಾಳಾದ್ದು, ಆಗಲೂ ತೂಗುವುದಕ್ಕೇ ಹೊರಟಿತು.

"ಅಲ್ಲ, ಈಗ ಮೈಎಸ್‌ಕ್ಯುಎಲ್ ಅಂದ್ರೆ, ನೋಡ್ ಜೊತೆ ಅದು ಹೊಂದುತ್ತೆ ಅಂತ ಕೆಲವ್ರು ಹೇಳ್ತಾರೆ, ಆದ್ರೆ..."

"ಸರಿ ಕಣೇ. ಇಡ್ತೀನಿ," ಅಂದಳು ಫಿರೋಜಾ. ಮತ್ತೆ ಹಚ್ಚಿದರೆ ಸ್ವಿಚಾಫ್.

ಧನುಶ್ರೀ ಮನೆಗೆ ಬಂದಾಗ ಸಾರಿನ ಘಮ ಬೀದಿಯವರೆಗೂ ಬಂದಿತ್ತು. ಮಾಯಮ್ಮ ಮೂರು ತಟ್ಟೆ ಹಾಕಿಕೊಂಡು ಕಾಯುತ್ತಿದ್ದಳು.

"ಏನಂದ್ಳು ಮಗಾ? ಇರ್ತಾಳಂತಾ?"

ಧನುಶ್ರೀ ಹೊಸಿಲ ಮೇಲೆಯೇ ಕುಸಿದು ಕೂತಳು. ತಡೆದದ್ದೆಲ್ಲ ಒತ್ತರಿಸಿ ಬಂತು.

"ಇರು ಅಂತ ನಾನು ಹೇಳ್ಲೇ ಇಲ್ಲ ಕಣವ್ವ," ಅಂದು ಅತ್ತಳು.